ಮಂಡಕ್ಕಿಯ ಸೈನ್ಯ

"ಸತ್ತೋರು ಎದ್ರು! ಒಂಬತ್ತು ಮಂದಿ!" ವಿದ್ಯಾನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಮೂವರು ಕಾಲೇಜು ಹುಡುಗಿಯರ ಕೂಗು ಕೇಳಿ ಬಾಗಿಲು ತಳ್ಳಿದೆ. ಮೂವರೂ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದು, ಅದರೊಳಗೆ ಮಂಡಕ್ಕಿ ಇಟ್ಟು ಕೂತಿದ್ದರು. ಹೆಣ ಒಯ್ಯುವ ದಾರಿಯಲ್ಲಿ ಮಂಡಕ್ಕಿ ಚೆಲ್ಲುವುದನ್ನು ನೋಡುತ್ತ ಬೆಳೆದ ನನಗೆ ಇದು ಮಾಟವೆಂದೇ ಅನ್ನಿಸಿತು. "ಇವತ್ತೇ ರೂಮ್ ಖಾಲಿ ಮಾಡ್ರಿ" ಎಂದೆ.

ಅವರಲ್ಲಿ ಭಾನುವಳ್ಳಿಯಿಂದ ಬಂದ ಹುಡುಗಿ ಗಾಬರಿಯಿಂದ ದಾಳ ತೋರಿಸಿದಳು. "ಆಂಟಿ, ಬರೀ ಆಟ ಐತ್ರಿ. ಆಟದಾಗ ನಾನು ಮಂತ್ರವಾದಿ. ಈ ಮಂಡಕ್ಕಿ ನಾನು ಎಬ್ಬಿಸಿದ ಅಸ್ಥಿಪಂಜರದ ಸೈನ್ಯ. ಯುದ್ಧದಾಗ ಬಿದ್ದೋರನ್ನ ತಿಂದುಬಿಡ್ತೀವಿ" ಎಂದು ಒಂದನ್ನು ಬಾಯಿಗೆ ಹಾಕಿಕೊಂಡಳು.

ಹೋದ ಜೀವ ಬಂದಂತಾಯಿತು. ಈಗ ಪ್ರತಿ ಭಾನುವಾರ ಅವರ ಸೈನ್ಯಕ್ಕೆ ನಾನೇ ಒಂದು ಬಟ್ಟಲು ಶೇಂಗಾ ಕೊಡುತ್ತೇನೆ. ಭಯವೇನೂ ಉಳಿದಿಲ್ಲ. ಮಂಡಕ್ಕಿ ಮಾತ್ರ ಬೇಡ ಎಂದಿದ್ದೇನೆ.