ವಾಪಸ್ ಬಂದ ಟಿ.ಸಿ. ಅರ್ಜಿ

"ಈ ಅರ್ಜಿ ನಾನು ತಗೊಳಲ್ಲ ಕಣಮ್ಮ" ಎಂದು ಮೈಸೂರಿನ ನಮ್ಮ ಕಾಲೇಜಿನ ಕಚೇರಿಯಲ್ಲಿದ್ದ ಹಿರಿಯ ಗುಮಾಸ್ತೆ, ನಾನು ಕೊಟ್ಟ ಕಾಗದವನ್ನು ಕಿಟಕಿಯಿಂದ ವಾಪಸ್ ತಳ್ಳಿದರು. ಏಳು ತಿಂಗಳ ಹೊಟ್ಟೆ ಹೊತ್ತು ಇಲವಾಲದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದ ನನಗೆ ಸಿಟ್ಟು ನೆತ್ತಿಗೇರಿತು. ಎಂ.ಎ. ಎರಡನೇ ವರ್ಷದ ಫೀಸು ಕಟ್ಟಿ ಇನ್ನೂ ತಿಂಗಳಾಗಿರಲಿಲ್ಲ. ಆದರೆ ಓದು ನಿಲ್ಲಿಸುವುದೆಂದರೆ ಟಿ.ಸಿ. ತೆಗೆದುಕೊಳ್ಳುವುದು ಎಂದೇ ನಮ್ಮ ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು.

"ಟಿ.ಸಿ. ತಗೊಂಡ್ರೆ ಕಟ್ಟಿರೋ ಫೀಸೂ ಹೋಯ್ತು, ಸೀಟೂ ಹೋಯ್ತು. ಒಂದು ವರ್ಷ ಬಿಡುವು ಬೇಕು ಅಂತ ಬರ್ಕೊಡು, ಇದೇ ಫೀಸು ಬರೋ ವರ್ಷಕ್ಕೆ ನಡೆಯುತ್ತೆ. ನೀನು ಹೆರಿಗೆಗೆ ಹೋಗ್ತಿದೀಯ, ಓದು ಬಿಟ್ಟು ಹೋಗ್ತಿಲ್ಲ" ಎಂದವರು, ನನ್ನನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿ, ತಮ್ಮ ಪೆನ್ನನ್ನೇ ಕೈಗಿತ್ತರು. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಹೊಸ ಅರ್ಜಿ ಬರೆಯುವಾಗ ಅಕ್ಷರಗಳೇ ಮಂಜಾಗಿ ಕಾಣುತ್ತಿದ್ದವು.

ಮಗಳಿಗೆ ಈಗ ಹತ್ತು ತಿಂಗಳು. ನಾನು ಮತ್ತೆ ತರಗತಿಗೆ ಹೋಗುತ್ತಿದ್ದೇನೆ. ಅವರು ತೆಗೆದುಕೊಳ್ಳದ ಆ ಟಿ.ಸಿ. ಅರ್ಜಿ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ. ಅದರ ಹಿಂಬದಿಯಲ್ಲಿ ಮಗಳ ಚುಚ್ಚುಮದ್ದಿನ ದಿನಗಳನ್ನೂ ನನ್ನ ಪರೀಕ್ಷೆಯ ದಿನಗಳನ್ನೂ ಒಟ್ಟಿಗೇ ಬರೆದುಕೊಂಡಿದ್ದೇನೆ.