ಮೂಡು ಮುಖದ ಫಿರಂಗಿ

ಗಂಗೊಳ್ಳಿ ಬಂದರಿನ ಐಸ್ ಪ್ಲಾಂಟಿನಲ್ಲಿ ಅರ್ಧ ಆಯುಷ್ಯ ಕಳೆದು ನಿವೃತ್ತನಾದ ನನಗೆ ಹಿಡಿದ ಹುಚ್ಚು ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವರು ಯುರೋಪಿನ ಕಡಲತೀರಗಳಲ್ಲಿ ಸಾಲಾಗಿ ಫಿರಂಗಿ ನೆಟ್ಟಿದ್ದರು. ಅವುಗಳ ಹಳೆಯ ಫೋಟೋ ನೋಡಿ, ಯಾವ ಬಗೆಯದು, ಹುಟ್ಟಿದ್ದು ಯಾವ ದೇಶದಲ್ಲಿ ಎಂದು ಪತ್ತೆ ಮಾಡುವುದು ನನ್ನ ಹುಚ್ಚು. ಅದಕ್ಕೆಂದೇ ಅಂತರ್ಜಾಲದಲ್ಲಿ ಒಂದು ಗುಂಪಿದೆ. ಹಾಲೆಂಡಿನವರು, ಡೆನ್ಮಾರ್ಕಿನವರು ತುಂಬಿದ ಆ ಗುಂಪಿನಲ್ಲಿ ನಾನೊಬ್ಬ ಕುಂದಾಪುರದವ. ಅಂಥ ಒಂದು ಫಿರಂಗಿಯನ್ನೂ ಕಣ್ಣಾರೆ ಕಂಡವನಲ್ಲ. ಕುಂದಾಪುರದ ಪಕ್ಕದ ತಲ್ಲೂರಿನ ಮನೆಯ ಜಗಲಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತೇ ನನ್ನ ಯುದ್ಧವೆಲ್ಲ.

"ಹ್ವಾಯ್, ಕಬ್ಣದ್ ಜಾತ್ಕ ಕಂಡ್ ಆಯ್ತಾ? ಮೀನ್ ತಪ್ಪುಕೆ ಯಾರ್ ಹೋಪ್ದ್?" ಎಂದು ಮೀನು ತರುವ ಹೊತ್ತಿಗೆ ಹೆಂಡತಿ ಒಳಗಿನಿಂದ ಕೂಗುತ್ತಾಳೆ.

ಅವಳು ಹಂಗಿಸಿದರೂ ಅದು ಜಾತಕವೇ. ಜರ್ಮನಿಯವರು ನೆಟ್ಟದ್ದೆಲ್ಲ ಜರ್ಮನಿಯದ್ದಲ್ಲ. ಗೆದ್ದ ದೇಶಗಳಿಂದ ಹೊತ್ತು ತಂದದ್ದೇ ಎಷ್ಟೋ. ಹಾಗೆ ತಂದ ಫಿರಂಗಿಗೆ ಹೊಸ ಹೆಸರಿಟ್ಟು, ಕೊನೆಗೆ ತವರಿನ ಗುರುತಾಗಿ ಒಂದು ಸಣ್ಣ ಅಕ್ಷರ ಸೇರಿಸುತ್ತಿದ್ದರು. ಫ್ರಾನ್ಸಿನದಾದರೆ ಎಫ್, ರಷ್ಯಾದ್ದಾದರೆ ಆರ್. ಫೋಟೋದಲ್ಲಿ ಆ ಅಕ್ಷರ ಕಾಣುವುದಿಲ್ಲ, ಕಬ್ಬಿಣವನ್ನೇ ಓದಬೇಕು. ಗುಂಡು ತುಂಬುವ ಹಿಂಬಾಗಿಲು ಬಾಟಲಿ ಮುಚ್ಚಳದಂತೆ ತಿರುಗಿಸಿ ತೆರೆಯುವಂಥದ್ದಾದರೆ ಫ್ರಾನ್ಸಿನ ಕಡೆಯದಿರಬಹುದು. ಮೇಜಿನ ಡ್ರಾಯರಿನಂತೆ ಅಡ್ಡ ಸರಿಯುವಂಥದ್ದಾದರೆ ಜರ್ಮನಿಯ ಪದ್ಧತಿ. ಕಂಪ್ರೆಸರುಗಳ ನಟ್ಟು ಬೋಲ್ಟು ನೋಡಿ ಪಳಗಿದ ಕಣ್ಣಿಗೆ ಇದು ಬೇಗ ಹತ್ತಿತು. ಹತ್ತಿದ್ದು ತಲೆಗೂ ಏರಿತು.

ಎರಡು ವರ್ಷದ ಹಿಂದೆ ಪೋಲೆಂಡಿನ ಒಬ್ಬ ವೃದ್ಧೆ ಗುಂಪಿನಲ್ಲಿ ಒಂದು ಫೋಟೋ ಹಾಕಿದರು. ಅಂಚು ಒಡೆದ ಕಾಂಕ್ರೀಟಿನ ದುಂಡು ಹೊಂಡದಲ್ಲಿ ಉದ್ದ ಮೂತಿಯ ಫಿರಂಗಿ, ಪಕ್ಕದಲ್ಲಿ ಮಗ್ಗು ಹಿಡಿದ ಸಪೂರ ಯುವಕ. ಅವನು ಅವರ ತಂದೆ. ಜರ್ಮನಿಯವರು ಬಲವಂತದಿಂದ ಸೈನ್ಯಕ್ಕೆ ಸೇರಿಸಿ ಯಾವುದೋ ತೀರಕ್ಕೆ ಕಳಿಸಿದ್ದರು, ತಿರುಗಿ ಬರಲಿಲ್ಲ. ಆಗ ಈಕೆ ತೊಟ್ಟಿಲ ಕೂಸು. ಸಮಾಧಿ ಎಲ್ಲಿದೆಯೋ ಗೊತ್ತಿಲ್ಲ, ಉಳಿದದ್ದು ಈ ಫೋಟೋ ಒಂದೇ. "ಕಾಲು ನಡೆಯುವಾಗಲೇ ಅಪ್ಪ ನಿಂತಿದ್ದ ಜಾಗದಲ್ಲಿ ಒಮ್ಮೆ ನಿಲ್ಲಬೇಕು. ಇದು ಯಾವ ಊರು ಎಂದು ಯಾರಾದರೂ ಹೇಳುವಿರಾ?" ಎಂದು ಕೇಳಿದ್ದರು.

ನಾನು ಹೇಳಿದೆ. ಫಿರಂಗಿ ಫ್ರಾನ್ಸಿನದು, ಬಾಯಿಯ ಅಗಲ ನೂರೈವತ್ತೈದು ಮಿಲಿಮೀಟರ್. ಅದು ಸರಿಯಾಗಿಯೇ ಇತ್ತು, ಇವತ್ತಿಗೂ ಸರಿಯೇ. ಜಾಗ ಹೇಳಲು ನಾನು ಸೂರ್ಯನನ್ನು ಹಿಡಿದೆ. ಫೋಟೋದಲ್ಲಿ ಸೂರ್ಯ ಸಮುದ್ರದ ಕಡೆ ತೀರಾ ಕೆಳಗಿದ್ದ, ನೆರಳುಗಳು ನೆಲದ ಕಡೆಗೆ ಉದ್ದಕ್ಕೆ ಬಿದ್ದಿದ್ದವು. ಅಂದರೆ ಸಂಜೆ. ಅಂದರೆ ಸಮುದ್ರ ಇರುವುದು ಪಡುವಿಗೆ. ಫ್ರಾನ್ಸಿನ ಫಿರಂಗಿ, ಪಡುವಿಗೆ ಸಮುದ್ರ. ಫ್ರಾನ್ಸಿನ ಪಶ್ಚಿಮ ತೀರವಲ್ಲದೆ ಇನ್ನೆಲ್ಲಿ? ಅಂಥದೇ ಹೊಂಡವಿರುವ ಒಂದು ಊರನ್ನು ಹುಡುಕಿ ಹೆಸರು ಬರೆದೆ. "ಬೆಳಗಿನ ಹೊತ್ತೂ ಇರಬಹುದಲ್ಲವೇ?" ಎಂದು ಹಾಲೆಂಡಿನ ಒಬ್ಬರು ಮೆತ್ತಗೆ ಕೇಳಿದರು. ಅವರಿಗೆ ಒಂದು ಪುಟದ ಉತ್ತರ ಜಡಿದು ಬಾಯಿ ಮುಚ್ಚಿಸಿದೆ.

ಆ ತಾಯಿ ಹೊರಟೇಬಿಟ್ಟರು. ಮೊಮ್ಮಗಳ ಕೈ ಹಿಡಿದು, ದಿನಗಟ್ಟಲೆ ಬಸ್ಸಿನಲ್ಲಿ ಕುಳಿತು, ನಾನು ಹೇಳಿದ ಊರಿಗೆ. ಪಾಳುಬಿದ್ದ ಆ ಹೊಂಡದ ಅಂಚಿನಲ್ಲಿ ಕೆಂಪು ಗಾಜಿನ ದೀಪ ಹಚ್ಚಿಟ್ಟು, ಕೋಲೂರಿ ನಿಂತ ಚಿತ್ರ ಕಳಿಸಿದರು. ಅಪ್ಪನ ಹತ್ತಿರ ತುಂಬಾ ಹೊತ್ತು ಮಾತಾಡಿದೆ, ನಿಮ್ಮ ಉಪಕಾರ ಮರೆಯಲಾರೆ ಎಂದು ಬರೆದಿದ್ದರು.

ನಾನು ಸುಮ್ಮನಿದ್ದೆನೇ? ಊರಿಗೆಲ್ಲ ಡಂಗುರ ಹೊಡೆದೆ. ಬ್ರಹ್ಮಾವರದ ಒಂದು ಸಂಘದವರು ವಾರ್ಷಿಕೋತ್ಸವದಲ್ಲಿ ಶಾಲು ಹೊದೆಸಿ, ಹಾರ ಹಾಕಿ, ಹಣ್ಣಿನ ತಟ್ಟೆ ಕೊಟ್ಟರು. ಕುಂದಾಪುರದಲ್ಲಿ ಕುಳಿತೇ ಪೋಲೆಂಡಿನ ಮಗಳಿಗೆ ತಂದೆಯನ್ನು ತೋರಿಸಿಕೊಟ್ಟವರು ಎಂದು ಮೈಕಿನಲ್ಲಿ ಹೊಗಳಿದರು. ನಾನು ಕಣ್ಣು ಒರೆಸಿಕೊಂಡೆ ಕೂಡ.

ಹೋದ ವರ್ಷ ಚಳಿಗಾಲದಲ್ಲಿ ಹೆಂಡತಿಯ ತವರಿನವರ ಜೊತೆ ಪುರಿಗೆ ಯಾತ್ರೆ ಹೋದೆವು. ಬೆಳಗ್ಗೆ ಕಡಲ ದಂಡೆಯಲ್ಲಿ ಚಹಾ ಕುಡಿಯುತ್ತ ನಿಂತಿದ್ದೆ.

"ಕಾಣಿ, ಇಲ್ಲ್ ಸೂರ್ಯ ಸಮುದ್ರದಿಂದ್ ಮೇಲ್ ಬತ್ತ!" ಎಂದು ಹೆಂಡತಿ ಮಕ್ಕಳಂತೆ ಹಿಗ್ಗಿದಳು.

ಭಾರತದ ಭೂಪಟ ನನಗೂ ಗೊತ್ತು. ಪುರಿಯ ಸಮುದ್ರ ಮೂಡುಬದಿಗೆ ಎಂದು ಶಾಲೆಯಲ್ಲಿ ಓದಿದ್ದೇನೆ. ಆದರೆ ನಮ್ಮೂರಿನಲ್ಲಿ ಹುಟ್ಟಿದವನಿಗೆ ಪಡು ಎಂದರೆ ಸಮುದ್ರ, ಮೂಡು ಎಂದರೆ ಘಟ್ಟ. ಅದು ಕಲಿತದ್ದಲ್ಲ, ಮೈಗೆ ಅಂಟಿದ್ದು. ಸಮುದ್ರದ ಮೇಲೆ ಇಳಿಬಿಸಿಲು ಕಂಡರೆ ಸಂಜೆ, ಬೇರೆ ಮಾತಿಲ್ಲ. ಪುರಿಯಲ್ಲಿ ನನ್ನ ಬೆನ್ನ ಹಿಂದೆ, ನೆಲದ ಕಡೆಗೆ, ನೆರಳು ಉದ್ದಕ್ಕೆ ಬಿದ್ದಿತ್ತು. ಕೈಯಲ್ಲಿ ಚಹಾ. ಮಗ್ಗು ಹಿಡಿದ ಆ ಯುವಕ ನೆನಪಾದ. ಅವನು ಕುಡಿಯುತ್ತಿದ್ದದ್ದು ಬೆಳಗಿನ ಕಾಫಿ. ಉಳಿದ ಚಹಾವನ್ನು ಮರಳಿಗೆ ಚೆಲ್ಲಿದೆ.

ಊರಿಗೆ ಬಂದವನೇ ಮೂಡು ಮುಖದ ತೀರಗಳನ್ನು ಹುಡುಕತೊಡಗಿದೆ. ಫ್ರಾನ್ಸಿನ ಫಿರಂಗಿ ಫ್ರಾನ್ಸಿನಲ್ಲೇ ಇರಬೇಕೆಂದು ಯಾರು ಹೇಳಿದ್ದರು? ಅವನ್ನು ಹಡಗಿಗೆ ಹೇರಿ ದೂರದ ನಾರ್ವೆಯವರೆಗೂ ಸಾಗಿಸಿದ್ದರು. ಆ ನಾರ್ವೆಯ ಒಂದು ದ್ವೀಪದ ಈಗಿನ ಫೋಟೋದಲ್ಲಿ ಸಿಕ್ಕಿತು: ಅದೇ ಹೊಂಡ, ಅಂಚಿನಲ್ಲಿ ಅದೇ ಒಡಕು, ನೀರಿನ ಆಚೆ ಮೂರು ಉಬ್ಬಿನ ಗುಡ್ಡ. ಹಳೆಯ ಫೋಟೋದಲ್ಲಿ ಆ ಗುಡ್ಡವನ್ನು ನಾನು ಮೋಡ ಎಂದುಕೊಂಡಿದ್ದೆ, ಮಳೆಗಾಲಕ್ಕೆ ಮುಂಚೆ ನಮ್ಮ ಕಡಲ ಮೇಲೆ ಕಟ್ಟುತ್ತದಲ್ಲ, ಅಂಥ ಮೋಡ.

ತಪ್ಪು ಗೊತ್ತಾದದ್ದು ನನಗೊಬ್ಬನಿಗೇ. ಬಾಯಿ ಬಿಡದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮುಗಿಯಲಿ ಎಂದೇ ಆಸೆಪಟ್ಟೆ, ಸುಳ್ಳು ಯಾಕೆ ಹೇಳಲಿ. ಆಕೆ ನೆಮ್ಮದಿಯಿಂದಿದ್ದಾರೆ, ಕೆದಕುವುದೇಕೆ ಎಂದು ದೊಡ್ಡ ಮನಸ್ಸಿನವನಂತೆ ನಟಿಸಿದೆ. ಒಳಗಿದ್ದದ್ದು ಆಕೆಯ ನೆಮ್ಮದಿಯಲ್ಲ, ನನ್ನ ಶಾಲು. ಬೈಂದೂರಿನಲ್ಲಿ ಒಂದು ಮದುವೆಗೆ ಹೋದಾಗ ಭಾವನವರು ಶಿರೂರಿನ ಬೀಗರಿಗೆ ನನ್ನನ್ನು ಪರಿಚಯಿಸಿದರು: "ಆ ಮುದ್ಕಿಗೆ ಅಪ್ಪನ್ ಜಾಗ ತೋರ್ಸಿದ್ದ್ ಇವ್ರೇ ಮಾರಾಯ್ರೆ!" ಬೀಗರು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. ಹೋಳಿಗೆ ಬಡಿಸಿದ್ದನ್ನು ಎಲೆಯಲ್ಲೇ ಬಿಟ್ಟು ಎದ್ದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ.

"ಹೇಳ್ರೆ ಆ ಹೆಂಗ್ಸಿಗ್ ಬೇಜಾರ್, ಹೇಳ್ದಿರೆ ನಿಮ್ಗ್ ನಾಚ್ಕಿ," ಎಂದಳು. "ಅವ್ರ್ ಅಪ್ಪ ಇದ್ದದ್ ಎಲ್ಲಿ ಅಂಬ್ದ್ ಅವ್ರಿಗ್ ಗೊತ್ತಾಯ್ಕ್. ನಿಮ್ ಹತ್ರ ಇಟ್ಕಂಬುಕೆ ಅದೆಂತ ನಿಮ್ದಾ?"

ಬರೆದೆ. ಗುಂಪಿನಲ್ಲಿ ಎಲ್ಲರ ಎದುರಿಗೇ ಬರೆದೆ, ಬೆಳಗಿನ ಹೊತ್ತಿರಬಹುದು ಎಂದಿದ್ದ ಹಾಲೆಂಡಿನವರ ಕ್ಷಮೆಯನ್ನೂ ಕೇಳಿದೆ. ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟು, ಒಡಕು, ಗುಡ್ಡ ಎಲ್ಲ ತೋರಿಸಿದೆ. ಬೈದಿದ್ದರೆ ಹಗುರವಾಗುತ್ತಿದ್ದೆ. ಯಾರೂ ಬೈಯಲಿಲ್ಲ. ಆ ತಾಯಿಯ ಉತ್ತರ ವಾರ ಕಳೆದು ಬಂತು. ಮೊಮ್ಮಗಳ ಕೈಯಲ್ಲಿ ಬರೆಸಿದ್ದರು. ಈಗ ಕಾಲು ಪೂರ್ತಿ ಸೋತಿದೆ, ನಾರ್ವೆಯ ದ್ವೀಪಕ್ಕೆ ಹೋಗಲಾರೆ, ಬೇಸರಿಸಬೇಡಿ ಎಂದು ನನಗೇ ಸಮಾಧಾನ ಹೇಳಿದ್ದರು. ಕೆಳಗೆ ಒಂದು ಸಾಲಿನ ಪ್ರಶ್ನೆ ಇತ್ತು.

"ಹಾಗಾದರೆ ಅವತ್ತು ಅಷ್ಟು ಹೊತ್ತು ನಾನು ಯಾರ ಹತ್ತಿರ ಮಾತಾಡಿದೆ?"

ಫ್ರಾನ್ಸಿನ ಆ ಊರಿನ ಹೊಂಡದಲ್ಲಿದ್ದ ಫಿರಂಗಿಯ ಕುಲಗೋತ್ರವೆಲ್ಲ ನನಗೆ ಬಾಯಿಪಾಠ. ಪಕ್ಕದಲ್ಲಿ ನಿಂತವರು ಯಾರು, ಯಾರ ಮಕ್ಕಳು, ಯಾರ ಅಪ್ಪಂದಿರು ಎಂದು ಒಂದು ದಿನವೂ ಹುಡುಕಿದವನಲ್ಲ. ಮಧ್ಯಾಹ್ನದವರೆಗೆ ಕುಳಿತು ಒಂದೇ ಸಾಲು ಬರೆದು ಕಳಿಸಿದೆ.

"ಎಂತ ಬರದ್ರಿ?" ಎಂದು ಹೆಂಡತಿ ಬಾಗಿಲಿಗೆ ಬಂದು ಕೇಳಿದಳು.

"ಗೊತ್ತಿಲ್ಲೆ ಅಂತ."

"ಅಷ್ಟೇಯಾ?"

"ಅಷ್ಟೇ," ಎಂದೆ. ಅವಳ ಮುಖ ನೋಡಲು ಆಗಲಿಲ್ಲ.