ಕಾಳ್ಯಾನ ಕೊರಳಿನ ಕವಡೆ

ಮೊನ್ನೆ ಸಾಸವಡದಿಂದ ಪುಣೆಗೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವರ ಮುಂಗೈಗೆ ಗಾಯವಾಗಿತ್ತು. ಮೇಲೆ ಅರಿಸಿನ, ಶೇಂಗಾ ಎಣ್ಣೆ ಕಲಸಿ ಮೆತ್ತಿಕೊಂಡಿದ್ದರು. ಗಾಯಕ್ಕೆ ಅರಿಸಿನ ಹಚ್ಚಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಯಾವಾಗಲೂ ತಯಾರು. ಅವತ್ತು ಮಾತ್ರ ಆ ವಾಸನೆಗೆ ಒಂದು ನಾಯಿಯ ಕೊರಳು ನೆನಪಾಯಿತು, ಅದನ್ನು ಸವರುತ್ತಿದ್ದ ಕೈ ನೆನಪಾಯಿತು…

ತೊಂಬತ್ತರ ದಶಕದ ಕೊನೆ. ಪುಣೆಯ ಯೆರವಡಾದಲ್ಲಿ ನಮ್ಮ ಎರಡು ಖೋಲಿಯ ಮನೆಯೆದುರು ತಗಡಿನ ಶೆಡ್ಡೊಂದರಲ್ಲಿ ಆಕೆ ಇದ್ದಳು. ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಯಾದಗಿರಿ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು. ಗಂಡ ಸತ್ತ ಮೇಲೆ ಆಕೆಗೆ ಉಳಿದದ್ದು ಇಟ್ಟಿಗೆ ಹೊರುವ ಕೆಲಸ ಮತ್ತು ಕಾಳ್ಯಾ ಎಂಬ ಕರಿ ನಾಯಿ.

ಸಂಜೆ ಬಂದವಳೇ, ತಾನು ಮುಖ ತೊಳೆಯುವ ಮೊದಲು, ನಾಯಿಯ ಮೈಯಿಂದ ಉಣ್ಣೆಹುಳ ಹೆಕ್ಕಿ ಸೀಮೆಎಣ್ಣೆಯ ಡಬ್ಬಿಗೆ ಹಾಕುತ್ತಿದ್ದಳು. ಜ್ವರ ಬಂದರೂ ಅದರ ರೊಟ್ಟಿ ತಪ್ಪುತ್ತಿರಲಿಲ್ಲ. ಸ್ವಂತ ತಂಗಿಯ ಮಗಳ ಮದುವೆಗೂ ಊರಿಗೆ ಹೋಗಲಿಲ್ಲ. "ಇದಕ್ಕ ರೊಟ್ಟಿ ಯಾರ್ ಹಾಕ್ತಾರ? ನೀ ಹಾಕ್ತಿ? ನಿನಗ ಮಾತಾಡೂದರಾಗ ಪುರಸೊತ್ತಿಲ್ಲ," ಎಂದು ನನ್ನನ್ನೇ ತಿವಿದಿದ್ದಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೆರೆಯುತ್ತಿದ್ದ ನನಗೆ ಆಕೆ ಇಟ್ಟ ಹೆಸರು ವಕೀಲ.

ಕಾಳ್ಯಾನ ಕೊರಳಲ್ಲಿ ಕರಿ ದಾರ, ದಾರದಲ್ಲಿ ಐದು ಕವಡೆ. ಮೈಲಾರಲಿಂಗನ ಹೆಸರಲ್ಲಿ ಕಟ್ಟಿದ್ದು. ಇಲ್ಲಿಯ ಜನ ಖಂಡೋಬಾ ಎಂದು ನಡೆದುಕೊಳ್ಳುವುದೂ ಅದೇ ದೇವರಿಗೆ. ನಾಯಿ ಅವನ ಸಂಗಾತಿ. ನನ್ನಂಥವನು ಸುಮ್ಮನಿರಲು ಸಾಧ್ಯವೇ?

"ಈ ಕವಡಿ ಹುಚ್ಚುನಾಯಿ ರೋಗ ತಡೀತದೇನು, ಕಾಕು?"

"ಅವ ಕಾಯ್ತಾನ."

"ಹಂಗಾದ್ರ ಹ್ವಾದ ವರ್ಷ ಕೊನೀ ಮನಿ ನಾಯಿ ಯಾಕ ಸತ್ತಿತು?"

"ಅದಕ್ಕ ಕವಡಿ ಇರಲಿಲ್ಲಲ್ಲೋ, ವಕೀಲ!"

ಬಿಡಲಿಲ್ಲ ನಾನು. ತಿಂಗಳುಗಟ್ಟಲೆ ಬೆನ್ನು ಹತ್ತಿ, ಆಕೆಯ ಒಂದು ರಜೆಯ ದಿನ ಇಬ್ಬರನ್ನೂ ದನದ ದವಾಖಾನೆಗೆ ಕರೆದೊಯ್ದೆ. ಲಸಿಕೆ ಹಾಕಿಸಿದ್ದಾಯಿತು. ಡಾಕ್ಟರು ಕೊರಳ ಕೂದಲು ಸರಿಸಿ ತೋರಿಸಿದರು: ಮಳೆಗೆ ನೆನೆದು ನೆನೆದು ಬಿಗಿದ ದಾರ ಚರ್ಮ ಕೊರೆದು ಕೀವಾಗಿತ್ತು. ಅಗಲವಾದ ಮೆತ್ತನೆಯ ಪಟ್ಟಾ ಹಾಕಿ ಎಂದರು. ನನಗೆ ಇನ್ನೇನು ಬೇಕು?

"ದಾರ ಹರೀಬ್ಯಾಡೋ," ಎಂದಳು ಮನೆಗೆ ಬಂದ ಮೇಲೆ. "ಸಡ್ಲ ಮಾಡಿ ಕಟ್ಟೂಣು."

ಸಡಿಲ ಮಾಡಿದ್ದರೆ ಸಾಕಿತ್ತು. ಈಗ ಯೋಚಿಸಿದರೆ ಇಡೀ ವಾದದಲ್ಲಿ ಬುದ್ಧಿವಂತಿಕೆಯ ಮಾತು ಅದೊಂದೇ. ಆದರೆ ನನಗೆ ಬೇಕಾಗಿದ್ದದ್ದು ಗೆಲುವು. ಕತ್ತರಿ ತಂದು ನಾನೇ ಕತ್ತರಿಸಿದೆ. ನಾಳೆ ಪಟ್ಟಾ ತರುವ ಜವಾಬ್ದಾರಿ ನನ್ನದು ಎಂದೆ. ಆಕೆ ಗಾಯಕ್ಕೆ ಅರಿಸಿನ ಎಣ್ಣೆ ಸವರಿದಳು.

ಆ ವಾರ ಸ್ಪರ್ಧೆ ಇತ್ತು. ಎರಡು ಸಲ ಬಾಗಿಲಿಗೆ ಬಂದು ಕೇಳಿದಳು, "ಪಟ್ಟಾ?" ಎರಡು ಸಲವೂ "ನಾಳೆ, ಕಾಕು" ಎಂದೆ…

ನಾಲ್ಕನೆಯ ದಿನ ಆಕೆ ಕೆಲಸಕ್ಕೆ ಹೋದ ಮೇಲೆ ನಾಯಿ ಹಿಡಿಯುವ ಗಾಡಿ ಬಂತು. ಸ್ಪರ್ಧೆ ಮುಗಿಸಿ ಮಧ್ಯಾಹ್ನ ಬಂದ ನನಗೆ ಚಹಾದಂಗಡಿಯವ ಹೇಳಿದ. ಕೆಲಸದಲ್ಲಿದ್ದ ಕಾಕುವನ್ನು ಕರೆದುಕೊಂಡು ಪಾಲಿಕೆಯ ನಾಯಿದೊಡ್ಡಿಗೆ ಓಡಿದೆ. ಹಿಡಿದ ನಾಯಿಗಳನ್ನು ಆ ಕಾಲದಲ್ಲಿ ಉಳಿಸುತ್ತಿರಲಿಲ್ಲ. ನಾವು ಮುಟ್ಟಿದಾಗ ಡ್ರೈವರ್ ಗಾಡಿ ತೊಳೆಯುತ್ತಿದ್ದ. ಯೆರವಡಾದ ಕರಿ ನಾಯಿ ಎಲ್ಲಿ ಎಂದೆ.

"ತೋ ಕಾಳಾ?" ಎಂದು ನಲ್ಲಿ ನಿಲ್ಲಿಸಿದ. "ಕವಡ್ಯಾವಾಲಾ?"

ಆಮೇಲೆ ಮರಾಠಿಯಲ್ಲಿ ಮೆಲ್ಲಗೆ ಹೇಳಿದ: ಅದನ್ನು ಇಷ್ಟು ವರ್ಷ ನೋಡಿಯೂ ಬಿಟ್ಟು ಹೋಗುತ್ತಿದ್ದೆವು, ಖಂಡೋಬಾನ ನಾಯಿಗೆ ನಮ್ಮವರು ಯಾರೂ ಕುಣಿಕೆ ಹಾಕುವುದಿಲ್ಲ. ಇವತ್ತು ಹಿಡಿದದ್ದರಲ್ಲಿ ಒಂದು ಕರಿದಿತ್ತು. ಕೊರಳು ಖಾಲಿ ಇತ್ತು.

ವಾಪಸು ಬರುವಾಗ ನಾನು ಮಾತಾಡುತ್ತಲೇ ಇದ್ದೆ. ನಿಯಮದ ತಪ್ಪು, ಡ್ರೈವರನ ಮೂಢನಂಬಿಕೆ, ವಿಚಾರಿಸದೆ ಕೊಂದದ್ದು ಅನ್ಯಾಯ… ಒಂದೊಂದೂ ಸರಿಯಾದ ಅಂಶವೇ. ಕಾಕು ನಿಂತಳು.

"ಕವಡ್ಯಾಗ ಶಕ್ತಿ ಇಲ್ಲ. ಆತು, ಒಪ್ಪಿದೆ, ನೀ ಗೆದ್ದಿ. ಪಟ್ಟಾ ಎಲ್ಲಿ ಅದೋ?"

ತಿಂಗಳೊಳಗೆ ಪಿಂಪ್ರಿ-ಚಿಂಚವಾಡದ ಕಡೆ ಯಾವುದೋ ಕಟ್ಟಡದ ಕೆಲಸಕ್ಕೆ ಹೊರಟುಹೋದಳು. ಅವ್ವನಿಗೆ ಹೇಳಿ ಹೋದಳು. ನನಗೆ ಹೇಳಲಿಲ್ಲ.

ಕವಡೆಗೆ ಶಕ್ತಿಯಿದೆ ಎಂದು ನಾನು ಇಂದಿಗೂ ನಂಬುವುದಿಲ್ಲ. ಆದರೂ ಹೋದ ವರ್ಷ ಚಿಂಚವಾಡದಲ್ಲಿ ಯಾದಗಿರಿ ಕಡೆಯ ಹೆಂಗಸರು ಇಟ್ಟಿಗೆ ಹೊರುವುದು ಕಂಡು, ಬಸ್ಸಿಳಿದು ವಿಚಾರಿಸಿದೆ.

"ಹೆಸರೇನ್ರೀ ಆಕೀದು?" ಎಂದಳು ಒಬ್ಬಳು.

ಗೊತ್ತಿರಲಿಲ್ಲ. ಕಾಕು ಎಂದೆ. ಎಲ್ಲರೂ ನಕ್ಕರು.

"ಏನರ ಗುರುತು ಹೇಳ್ರಲಾ."

ಕರಿ ನಾಯಿಯೊಂದನ್ನು ಸಾಕಿದ್ದಳು, ಅದು ಈಗಿಲ್ಲ ಎಂದೆ. ಏನಾಯಿತು ಎಂದು ಆಕೆ ಕೇಳಲಿಲ್ಲ. ಬುಟ್ಟಿ ತಲೆಗೇರಿಸಿಕೊಂಡು ಒಳಗೆ ಹೋದಳು. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ, ಕೇಳಿಯಾಳೇನೋ ಎಂದು.